ಹಳೆಯ ಫಜ್ ಫೇಸ್, ಕೈಯಿಂದ ಕಟ್ಟಿದ ಫಜ್ ಫೇಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಫಜ್ ಫೇಸ್ ಎಂದರೆ ಎಲೆಕ್ಟ್ರಿಕ್ ಗಿಟಾರಿನ ದನಿಯನ್ನು ಒರಟಾಗಿ ಒಡೆಯುವ ಕಾಲ್ಪೆಡಲ್. ಇಲ್ಲಿನ ಉತ್ತರಗಳು ಮುಖ್ಯವಾಗಿ 1966ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಫಜ್ ಫೇಸ್ ಬಗ್ಗೆ, ಅದನ್ನು ನೋಡಿಕೊಂಡು ಇಂದು ಕೈಯಿಂದ ಕಟ್ಟುವ ಪೆಡಲ್‌ಗಳ ಬಗ್ಗೆ. ಅದೇ ಜಾತಿಯ ಟೋನ್ ಬೆಂಡರ್ ಮತ್ತು ಬಿಗ್ ಮಫ್ ಪೆಡಲ್‌ಗಳು ಕೊನೆಯ ಕಡೆ ಬರುತ್ತವೆ. ಓದುವಾಗ ಪಕ್ಕದಲ್ಲಿ ಒಂದು ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ಅರ್ಧ ವಾದ ಅದರಲ್ಲೇ ಮುಗಿಯುತ್ತದೆ.

“ಮೂಲ ಫಜ್ ಫೇಸ್” ಎಂದರೆ ಯಾವುದು?

ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ತಕರಾರು ಶುರುವಾಗುವುದೇ ಇಲ್ಲಿಂದ. ಆರ್ಬಿಟರ್ ಕಂಪನಿ 1966ರಲ್ಲಿ ತಂದ ದುಂಡು ಡಬ್ಬಿಯೊಳಗೆ ಇದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು, ಬಹುಪಾಲು ಎನ್‌ಕೆಟಿ275. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅದೇ ಡಬ್ಬಿಯೊಳಗೆ ಬಿಸಿ183ಎಲ್, ಬಿಸಿ108ಸಿ, ಬಿಸಿ109ಸಿ ಮುಂತಾದ ಸಿಲಿಕಾನ್ ಟ್ರಾನ್ಸಿಸ್ಟರ್‌ಗಳು ಬಂದು ಕೂತವು. ಹೊರಗಿನ ನಗುಮುಖ ಒಂದೇ, ಒಳಗಿನ ಸ್ವಭಾವ ಬೇರೆ. ಜರ್ಮೇನಿಯಂನದು ಮೆತ್ತಗಿನ ದನಿ, ಗಿಟಾರ್ ವಾಲ್ಯೂಮ್ ಇಳಿಸಿದರೆ ತಿಳಿಯಾಗುತ್ತದೆ. ಸಿಲಿಕಾನ್‌ನದು ಚೂಪು, ಜೋರು, ಹಟಮಾರಿ. ಹಾಗಾಗಿ “ಮೂಲದ ಹಾಗೇ ಇದೆ” ಎಂದು ಕಟ್ಟಿದವರು ಹೇಳಿದರೆ ಯಾವ ವರ್ಷದ್ದು, ಯಾವ ಟ್ರಾನ್ಸಿಸ್ಟರ್‌ನದ್ದು ಎಂದು ಮೊದಲು ಕೇಳಿ. ಉತ್ತರ ತಡವರಿಸಿದರೆ ಅವರು ಹೋಲಿಸಿರುವುದು ಬಣ್ಣವನ್ನು ಮಾತ್ರ.

ಒಳಗೆ ಏನೇನಿದೆ?

ಬಹಳ ಕಡಿಮೆ. ಜರ್ಮೇನಿಯಂ ಮಾದರಿಯದು ಹೀಗಿದೆ:

ಪಿಎನ್‌ಪಿ (ಮೈನಸ್ ವೋಲ್ಟೇಜ್‌ನಲ್ಲಿ ಕೆಲಸ ಮಾಡುವ ಬಗೆಯ) ಟ್ರಾನ್ಸಿಸ್ಟರ್ ಎರಡು. ರೆಸಿಸ್ಟರ್ ನಾಲ್ಕು: 33 ಕಿಲೋ ಓಮ್, 8.2 ಕಿಲೋ ಓಮ್, 470 ಓಮ್, 100 ಕಿಲೋ ಓಮ್. ಕೆಪಾಸಿಟರ್ ಮೂರು: ಒಳಬರುವಲ್ಲಿ 2.2 ಮೈಕ್ರೋಫ್ಯಾರಡ್, ಫಜ್ ಪಾಟ್‌ಗೆ 20 ಮೈಕ್ರೋಫ್ಯಾರಡ್, ಹೊರಹೋಗುವಲ್ಲಿ 0.01 ಮೈಕ್ರೋಫ್ಯಾರಡ್. ಪಾಟ್, ಅಂದರೆ ಗುಬುಟಿನಿಂದ ತಿರುಗಿಸುವ ರೆಸಿಸ್ಟರ್, ಎರಡು: ಫಜ್‌ಗೆ 1 ಕಿಲೋ ಓಮ್ ಲೀನಿಯರ್, ವಾಲ್ಯೂಮ್‌ಗೆ 500 ಕಿಲೋ ಓಮ್ ಲಾಗ್. ಜತೆಗೆ ಎರಡು ಜ್ಯಾಕ್, ಒಂದು ಕಾಲ್ಸ್ವಿಚ್, 9 ವೋಲ್ಟ್ ಬ್ಯಾಟರಿ. ಎಲ್‌ಇಡಿ ಇಲ್ಲ, ಅಡಾಪ್ಟರ್ ತೂತೂ ಇಲ್ಲ.

20 ಮೈಕ್ರೋಫ್ಯಾರಡ್ ಇಂದು ಸುಲಭಕ್ಕೆ ಸಿಗುವುದಿಲ್ಲ. 22 ಹಾಕಿ, ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅರವತ್ತರ ದಶಕದ ಎಲೆಕ್ಟ್ರೋಲಿಟಿಕ್‌ಗಳು (ಪ್ಲಸ್-ಮೈನಸ್ ಇರುವ ದೊಡ್ಡ ಕೆಪಾಸಿಟರ್‌ಗಳು) ಬರೆದ ಅಳತೆಯಿಂದ ಇದಕ್ಕಿಂತ ಎಷ್ಟೋ ಹೆಚ್ಚು ಆಚೀಚೆ ಇರುತ್ತಿದ್ದವು.

ಇಷ್ಟೇ ಇದ್ದರೆ ಎರಡು ಹಳೆಯ ಪೆಡಲ್‌ಗಳೇ ಬೇರೆ ಬೇರೆ ಕೇಳಿಸುವುದೇಕೆ?

ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದೇ ಡಬ್ಬದಿಂದ ತೆಗೆದ ಎರಡರಲ್ಲಿ ಒಂದರ ಗೇನ್ (ಕರೆಂಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಅಂಕಿ) 60, ಇನ್ನೊಂದರದ್ದು 140 ಇರಬಹುದು. ಅದರ ಮೇಲೆ ಸೋರಿಕೆ ಬೇರೆ. ಟ್ರಾನ್ಸಿಸ್ಟರ್‌ಗೆ ಮೂರು ಕಾಲು: ಬೇಸ್, ಕಲೆಕ್ಟರ್, ಎಮಿಟರ್. ಬೇಸ್‌ಗೆ ಏನನ್ನೂ ಕೊಡದಿದ್ದರೂ ಕಲೆಕ್ಟರ್‌ನಿಂದ ಸ್ವಲ್ಪ ಕರೆಂಟ್ ಹರಿಯುತ್ತಲೇ ಇರುತ್ತದೆ.

ಈ ಸರ್ಕ್ಯೂಟ್‌ನಲ್ಲಿ ಬಯಸ್, ಅಂದರೆ ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರ್‌ಗಳು ನಿಲ್ಲುವ ವೋಲ್ಟೇಜ್, ಗೇನ್ ಮತ್ತು ಸೋರಿಕೆಯ ಮೇಲೇ ನಿಂತಿದೆ. ಎರಡನೆಯ ಟ್ರಾನ್ಸಿಸ್ಟರ್‌ನ ಎಮಿಟರ್‌ನಿಂದ 100 ಕಿಲೋ ಓಮ್ ಮೂಲಕ ಮೊದಲನೆಯದರ ಬೇಸ್‌ಗೆ ಕರೆಂಟ್ ಹಿಂದಿರುಗುತ್ತದೆ. ಮೊದಲನೆಯದರ ಗೇನ್ ಅಥವಾ ಸೋರಿಕೆ ಜಾಸ್ತಿಯಾದರೆ ಅದಕ್ಕೆ ಬೇಕಾಗುವ ಬೇಸ್ ಕರೆಂಟ್ ಕಡಿಮೆ, ಆ 100 ಕಿಲೋ ಓಮ್ ಮೇಲೆ ಬೀಳುವ ವೋಲ್ಟೇಜ್ ಕಡಿಮೆ, ಕಡೆಗೆ ಎರಡನೆಯದು ಹರಿಸುವ ಕರೆಂಟೂ ಕಡಿಮೆ. ಮೂಲ ಪೆಡಲ್‌ನಲ್ಲಿ 8.2 ಕಿಲೋ ಓಮ್ ರೆಸಿಸ್ಟರ್ ಸ್ಥಿರ, ತಿರುಗಿಸಿ ಸರಿಮಾಡುವ ಟ್ರಿಮ್ಮರ್ ಇಲ್ಲ. ಒಳ್ಳೆಯ ಜೋಡಿ ಬಿದ್ದ ಪೆಡಲ್ ಚೆನ್ನಾಗಿ ಹಾಡಿತು, ಉಳಿದದ್ದು ಕೆಮ್ಮಿತು. ಇಂದು ಜನ ಹೊಗಳುವ ಹಳೆಯ ಫಜ್ ಫೇಸ್‌ಗಳು ಆ ಅದೃಷ್ಟದ ಜೋಡಿಗಳು. ಜಾಗ್ರತೆಯಿಂದ ಟ್ರಾನ್ಸಿಸ್ಟರ್ ಆರಿಸಿ ಕಟ್ಟಿದ ಹೊಸದು ಸಾಧಾರಣ ಹಳೆಯದನ್ನು ಮೀರಿಸುವುದು ಈ ಒಂದು ಕಾರಣಕ್ಕೆ.

ಗೇನ್, ಸೋರಿಕೆ ಅಳೆಯುವುದು ಹೇಗೆ?

ಅಗ್ಗದ ಮಲ್ಟಿಮೀಟರ್‌ನ ಎಚ್‌ಎಫ್‌ಇ (ಗೇನ್ ಅಳೆಯುವ) ತೂತನ್ನು ನಂಬಬೇಡಿ. ಅದು ಸೋರಿಕೆಯನ್ನೂ ಗೇನ್ ಎಂದೇ ಎಣಿಸುತ್ತದೆ. ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಭಾಗಗಳನ್ನು ಸಿಕ್ಕಿಸುವ ಹಲಗೆ) ಮೇಲೆ ಹೀಗೆ ಮಾಡಿ, ಪಿಎನ್‌ಪಿಗೆ:

1. ಎಮಿಟರನ್ನು 9 ವೋಲ್ಟ್‌ನ ಪ್ಲಸ್‌ಗೆ ಜೋಡಿಸಿ.
2. ಕಲೆಕ್ಟರ್‌ನಿಂದ ಮೈನಸ್‌ಗೆ 2.47 ಕಿಲೋ ಓಮ್. 2.2 ಕಿಲೋ ಓಮ್ ಮತ್ತು 270 ಓಮ್ ಸಾಲಾಗಿ ಹಾಕಿದರೆ ಸಿಗುತ್ತದೆ.
3. ಬೇಸ್ ತೆರೆದೇ ಇರಲಿ. ಆ 2.47 ಕಿಲೋ ಓಮ್ ಮೇಲಿನ ವೋಲ್ಟೇಜ್ ಓದಿ. ಇದು ಸೋರಿಕೆ.
4. ಬೇಸ್‌ನಿಂದ ಮೈನಸ್‌ಗೆ 2.2 ಮೆಗಾ ಓಮ್ ಜೋಡಿಸಿ ಮತ್ತೆ ಓದಿ.
5. ಎರಡನೆಯ ಓದಿನಿಂದ ಮೊದಲನೆಯದನ್ನು ಕಳೆದು 100ರಿಂದ ಗುಣಿಸಿ. ಅದು ನಿಜವಾದ ಗೇನ್.

ಮೊದಲ ಓದು 0.25 ವೋಲ್ಟ್, ಎರಡನೆಯದು 1.05 ವೋಲ್ಟ್ ಎಂದುಕೊಳ್ಳಿ. ಸೋರಿಕೆ ಸುಮಾರು 100 ಮೈಕ್ರೋಆಂಪಿಯರ್, ಗೇನ್ 80. ಸೋರಿಕೆ ಕಳೆಯದೇ ಹೋಗಿದ್ದರೆ ಇದನ್ನೇ 105 ಎಂದು ಬರೆದುಕೊಳ್ಳುತ್ತಿದ್ದಿರಿ. ಸೋರಿಕೆ 300 ಮೈಕ್ರೋಆಂಪಿಯರ್ ದಾಟಿದ್ದನ್ನು ಫಜ್ ಫೇಸ್‌ಗೆ ಬಳಸಬೇಡಿ.

ಬೆರಳಲ್ಲಿ ಹಿಡಿದು ಸಿಕ್ಕಿಸಿದ ಕೂಡಲೇ ಅಳೆಯಲೂಬೇಡಿ. ಮೈಬಿಸಿಗೆ ಓದು ಏರಿರುತ್ತದೆ. ಒಂದೆರಡು ನಿಮಿಷ ಬಿಟ್ಟರೆ ಇಳಿದು ನಿಲ್ಲುತ್ತದೆ.

ಯಾವ ಜೋಡಿ ಚೆನ್ನ? ಬಯಸ್ ಎಷ್ಟಿರಬೇಕು?

ಮೊದಲನೆಯದು 70ರಿಂದ 85, ಎರಡನೆಯದು 110ರಿಂದ 130. ಇಷ್ಟರೊಳಗಿದ್ದರೆ ಕೆಲಸ ಸಲೀಸು. ಎರಡನೆಯ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಲ್ಲಿ ಮೈನಸ್ 4.5 ವೋಲ್ಟ್ ಆಸುಪಾಸು ಇರಲಿ, ಮೊದಲನೆಯದರ ಕಲೆಕ್ಟರ್‌ನಲ್ಲಿ ಮೈನಸ್ 0.6ರಿಂದ 0.7 ಬರುತ್ತದೆ. ಕೈಯಿಂದ ಕಟ್ಟುವಾಗ 8.2 ಕಿಲೋ ಓಮ್ ಜಾಗದಲ್ಲಿ 20 ಕಿಲೋ ಓಮ್ ಟ್ರಿಮ್ಮರ್ ಹಾಕಿ ತಿರುಗಿಸಿ ಹೊಂದಿಸಿ. ಸೋರಿಕೆ ಸ್ವಲ್ಪ ಜಾಸ್ತಿ ಇರುವ ಜೋಡಿಗೆ ಅದು 10ರಿಂದ 15 ಕಿಲೋ ಓಮ್‌ಗೆ ಬಂದು ನಿಲ್ಲುವುದು ಮಾಮೂಲು.

4.5 ದೇವರ ಅಂಕಿಯಲ್ಲ. ಮೈನಸ್ 5ರ ಕಡೆಗೂ ಹೋಗಿ ನೋಡಿ, 4ರ ಕಡೆಗೂ ಬನ್ನಿ. ಹಳೆಯದೊಂದನ್ನು ಎದುರಿಗಿಟ್ಟುಕೊಂಡು ಹೋಲಿಸುವುದಾದರೆ ಅದರ ಎರಡೂ ಕಲೆಕ್ಟರ್ ವೋಲ್ಟೇಜ್ ಅಳೆದು ಬರೆದಿಟ್ಟುಕೊಳ್ಳಿ, ಹೊಸದನ್ನು ಅದಕ್ಕೇ ತಂದು ನಿಲ್ಲಿಸಿ.

ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನ ದನಿ ತುಂಡು ತುಂಡಾಗುತ್ತಿದೆ. ಪೆಡಲ್ ಕೆಟ್ಟಿತೇ?

ಇಲ್ಲ, ಬಿಸಿಯಾಗಿದೆ. ಉಷ್ಣತೆ 10 ಡಿಗ್ರಿ ಏರಿದರೆ ಜರ್ಮೇನಿಯಂ ಸೋರಿಕೆ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. 20 ಡಿಗ್ರಿಯಲ್ಲಿ 100 ಮೈಕ್ರೋಆಂಪಿಯರ್ ಇದ್ದದ್ದು 40ರಲ್ಲಿ 400 ಆಯಿತೆಂದರೆ ಎರಡನೆಯ ಕಲೆಕ್ಟರ್ 4.5ರಲ್ಲಿ ನಿಲ್ಲದೆ ಮೈನಸ್ 9ರ ಕಡೆ ಜಾರುತ್ತದೆ. ಆಗ ಸ್ವರ ಎಳೆಯುವುದಿಲ್ಲ. ಮೀಟಿದ ಕ್ಷಣ ಬುಸ್ಸೆಂದು ಎದ್ದು ಕತ್ತರಿಸಿದಂತೆ ನಿಲ್ಲುತ್ತದೆ.

ಈ ಪೆಡಲ್ ಹುಟ್ಟಿದ್ದು ಲಂಡನ್ನಿನ ಹವೆಯಲ್ಲಿ ಎಂಬುದನ್ನು ಮರೆಯಬಾರದು. ಡಿಸೆಂಬರ್‌ನ ಬೆಂಗಳೂರಿನಲ್ಲಿ ಬಯಸ್ ಕೂರಿಸಿದ ಪೆಡಲನ್ನು ಏಪ್ರಿಲ್‌ನಲ್ಲಿ ಕಲಬುರಗಿಯ ಬಯಲು ವೇದಿಕೆಗೆ ಒಯ್ದರೆ ಅದು ಬೇರೆಯೇ ಪೆಡಲ್. ಮೂರು ದಾರಿ ಇವೆ: ಸೋರಿಕೆ 100ಕ್ಕಿಂತ ಕಡಿಮೆ ಇರುವ ಟ್ರಾನ್ಸಿಸ್ಟರ್ ಆರಿಸಿ, ಟ್ರಿಮ್ಮರನ್ನು ಹೊರಗಿನ ಗುಬುಟಾಗಿ ಮಾಡಿ ಸೆಕೆಗೆ ಒಂದಿಷ್ಟು ಏರಿಸಿಕೊಳ್ಳಿ, ಅಥವಾ ವೇದಿಕೆಗೆ ಸಿಲಿಕಾನ್ ಒಯ್ಯಿರಿ. ಕಪ್ಪು ಪೆಡಲ್‌ಬೋರ್ಡನ್ನು ಬಿಸಿಲಲ್ಲಿ ಬಿಡದಿರುವುದು ಇವೆಲ್ಲಕ್ಕಿಂತ ಅಗ್ಗ.

ಹೋಲಿಕೆಗೂ ಇದೇ ಮಾತು. ಎರಡೂ ಪೆಡಲ್‌ಗಳು ಒಂದೇ ಕೋಣೆಯಲ್ಲಿ ಅರ್ಧ ಗಂಟೆಯಾದರೂ ಇದ್ದಿರಬೇಕು.

ಎನ್‌ಕೆಟಿ275 ಇಲ್ಲದೆ ಆ ದನಿ ಬರುವುದಿಲ್ಲವೇ?

ಬರುತ್ತದೆ. ಗೇನ್, ಸೋರಿಕೆ ಹೊಂದಿದರೆ ಎಸಿ128, ಒಸಿ75, ರಷ್ಯಾದ ಪಿಎನ್‌ಪಿಗಳು ಯಾವುದೂ ನಡೆಯುತ್ತದೆ. ಟ್ರಾನ್ಸಿಸ್ಟರ್ ಮೇಲೆ ಬರೆದ ಅಂಕಿಗಿಂತ ಬ್ರೆಡ್‌ಬೋರ್ಡ್ ಮೇಲೆ ಬಂದ ಅಂಕಿ ಮುಖ್ಯ. ಎನ್‌ಕೆಟಿ275 ಎಂದು ಹೊಸದಾಗಿ ಅಚ್ಚುಹಾಕಿದ ಬೇರೆ ಟ್ರಾನ್ಸಿಸ್ಟರ್‌ಗಳೂ ಮಾರಾಟಕ್ಕಿವೆ. ಬೆಲೆ ಮಾತ್ರ ಅಸಲಿಯದು.

ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1962ರಿಂದ ಜರ್ಮೇನಿಯಂ ಬಿಡಿಭಾಗಗಳನ್ನು ತಯಾರಿಸಿತ್ತು. ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳ ಕೊನೆಯ ಹಂತದಲ್ಲಿ ಕೂರುತ್ತಿದ್ದ ಎಸಿ128ಗಳಲ್ಲಿ ಬಿಇಎಲ್ ಗುರುತಿನವೂ ಇವೆ. ಕೆಟ್ಟ ರೇಡಿಯೋ ಎಸೆಯುವ ಮುನ್ನ ಹಿಂಬದಿ ಬಿಚ್ಚಿ ನೋಡಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡ್‌ನಲ್ಲಿ ರೆಸಿಸ್ಟರ್, ಪಾಟ್, ಜ್ಯಾಕ್, ಡಬ್ಬಿ ಹೊಂದಿಸಿಕೊಳ್ಳಬಹುದು. ಜರ್ಮೇನಿಯಂಗೆ ಹಳೆಯ ರೇಡಿಯೋ ರಿಪೇರಿಯವರ ಡಬ್ಬಗಳೇ ವಾಸಿ. ಹತ್ತು ತಂದರೆ ಒಂದು ಒಳ್ಳೆಯ ಜೋಡಿ ಸಿಕ್ಕೀತು ಎಂಬ ಲೆಕ್ಕದಲ್ಲಿ ತನ್ನಿ.

ಎಸಿ128ರಲ್ಲಿ ಚುಕ್ಕೆ ಇರುವ ಕಾಲು ಕಲೆಕ್ಟರ್, ನಡುವಿನದು ಬೇಸ್. ಗಾಜಿನ ಮೈಯ ಒಸಿ75ರ ಕಪ್ಪು ಬಣ್ಣ ಕೆರೆಯಬೇಡಿ. ಒಳಗೆ ಬೆಳಕು ಬಿದ್ದರೆ ಕರೆಂಟ್ ಏರುತ್ತದೆ, ಟ್ಯೂಬ್‌ಲೈಟಿನ ಗುಂಯ್ ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ.

ಹಳೆಯ ಕಾಲದ ರೆಸಿಸ್ಟರ್, ಕೆಪಾಸಿಟರ್ ಹಾಕಿದರೆ ದನಿ ಹಳೆಯದಾಗುತ್ತದೆಯೇ?

ಅಂದಕ್ಕೆ ಹಾಕುವುದಾದರೆ ಹಾಕಿ. ದನಿಯನ್ನು ಬದಲಿಸುವುದು ಅವುಗಳ ವಯಸ್ಸಲ್ಲ, ಅಳತೆ. ಹಳೆಯ ಕಾರ್ಬನ್ ರೆಸಿಸ್ಟರ್ ತೇವ ಕುಡಿದು ಏರಿ 33 ಕಿಲೋ ಓಮ್ ಇದ್ದದ್ದು 38 ಆಗಿರಬಹುದು. ಎಲೆಕ್ಟ್ರೋಲಿಟಿಕ್ ಒಣಗಿ 20 ಇದ್ದದ್ದು 8ಕ್ಕೆ ಇಳಿದಿದ್ದರೆ ಫಜ್ ಪೂರ್ತಿ ತಿರುಗಿಸಿದರೂ ಕೆಳಗಿನ ತಂತಿಗಳಲ್ಲಿ ತೂಕ ಬರುವುದಿಲ್ಲ. ಎಷ್ಟೋ ಬಾರಿ “ಹಳೆಯದರ ತೆಳು ಮಾಧುರ್ಯ” ಎಂದು ಕೊಂಡಾಡುವುದು ಒಣಗಿದ ಕೆಪಾಸಿಟರನ್ನು. ಅದೇ ಬೇಕಿದ್ದರೆ ಹೊಸ ಪೆಡಲ್‌ನಲ್ಲಿ 10 ಮೈಕ್ರೋಫ್ಯಾರಡ್ ಹಾಕಿದರಾಯಿತು.

ಪಕ್ಕಪಕ್ಕದಲ್ಲಿಟ್ಟು ನ್ಯಾಯವಾಗಿ ಹೋಲಿಸುವುದು ಹೇಗೆ?

ಮೊದಲು ಸಪ್ಪಳ ಸಮ ಮಾಡಿ. ಒಂದು ಡೆಸಿಬಲ್ ಜೋರಾಗಿರುವ ಪೆಡಲ್ ಕಿವಿಗೆ “ಉತ್ತಮ” ಎನಿಸುತ್ತದೆ. ಅದು ಕಿವಿಯ ಸ್ವಭಾವ. ಒಂದೇ ಇ ಕಾರ್ಡನ್ನು ಎರಡರಲ್ಲೂ ಹತ್ತು ಸೆಕೆಂಡ್ ನುಡಿಸಿ ರೆಕಾರ್ಡ್ ಮಾಡಿ, ಸರಾಸರಿ ಮಟ್ಟ ಅರ್ಧ ಡೆಸಿಬಲ್ ಒಳಗೆ ಬರುವವರೆಗೆ ವಾಲ್ಯೂಮ್ ಗುಬುಟು ಹೊಂದಿಸಿ. ಗುಬುಟುಗಳನ್ನು ಒಂದೇ ಅಂಕಿಗೆ ಇಟ್ಟರೆ ಸಾಲದು. ಹಳೆಯ ಪಾಟ್‌ಗಳು 500 ಕಿಲೋ ಓಮ್ ಎಂದು ಬರೆದಷ್ಟಕ್ಕೆ 500 ಇರುವುದಿಲ್ಲ.

ಗಿಟಾರ್‌ನಿಂದ ಕೇಬಲ್ ನೇರವಾಗಿ ಫಜ್‌ಗೆ ಬರಬೇಕು. ನಡುವೆ ಟ್ಯೂನರ್ ಬೇಡ, ಬಫರ್ (ಗಿಟಾರನ್ನು ಮುಂದಿನ ಸರ್ಕ್ಯೂಟ್‌ನ ಹೊರೆಯಿಂದ ಬೇರ್ಪಡಿಸುವ ಹಂತ) ಬೇಡ, ವೈರ್‌ಲೆಸ್ ಬೇಡ. ಈ ಸರ್ಕ್ಯೂಟ್‌ನ ಒಳಬಾಗಿಲು ಬಹಳ ಕಡಿಮೆ ಇಂಪೀಡೆನ್ಸಿನದು (ಸಿಗ್ನಲ್‌ಗೆ ಒಡ್ಡುವ ತಡೆ ಕಡಿಮೆ), ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಸುರುಳಿ) ಅದರ ಭಾಗವಾಗಿಯೇ ಕೆಲಸ ಮಾಡುತ್ತದೆ. ಮಧ್ಯೆ ಬಫರ್ ಬಂದರೆ ದನಿ ಕೀರಲಾಗುತ್ತದೆ, ಗಿಟಾರ್ ವಾಲ್ಯೂಮ್ ಇಳಿಸಿದರೂ ತಿಳಿಯಾಗುವುದಿಲ್ಲ. ಆಗ ಪೆಡಲ್ ಬೈಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಎ-ಬಿ ಬದಲಿಸುವ ಸ್ವಿಚ್ ಕೂಡ ಬಫರ್ ಇಲ್ಲದ್ದಾಗಿರಲಿ. ಬಳಸದ ಪೆಡಲ್‌ನ ಒಳಬಾಗಿಲು ಪೂರ್ತಿ ಕಳಚಿಕೊಳ್ಳುವಂಥದ್ದಾಗಿರಲಿ. ಎರಡೂ ಒಟ್ಟಿಗೆ ಜೋಡಿಯಾಗಿದ್ದರೆ ಪಿಕಪ್ ಮೇಲೆ ಎರಡರ ಹೊರೆ.

ಆಂಪ್ಲಿಫೈಯರ್ ದನಿ ತುಸು ಒಡೆಯುವ ಮಟ್ಟದಲ್ಲಿರಲಿ. ತೀರಾ ಸ್ವಚ್ಛ ಆಂಪ್‌ನಲ್ಲಿ ಎಲ್ಲ ಫಜ್ ಫೇಸ್‌ಗಳೂ ಜೇನುನೊಣದ ಗೂಡು.

ನುಡಿಸಿ ನೋಡಬೇಕಾದದ್ದು: ಗಿಟಾರ್ ವಾಲ್ಯೂಮ್ 10ರಲ್ಲಿ ಒಂದೇ ಸ್ವರ ಹಿಡಿದು ಅದು ಹೇಗೆ ಸಾಯುತ್ತದೆ ಎಂದು ಕೇಳಿ, ನಯವಾಗಿ ಇಳಿಯುತ್ತದೆಯೋ, ಚರಚರ ಎಂದು ಕಡಿಯುತ್ತದೆಯೋ. ನಂತರ ವಾಲ್ಯೂಮ್ 7, 5ಕ್ಕೆ ಇಳಿಸಿ. ಜರ್ಮೇನಿಯಂ ಫಜ್ ಫೇಸ್‌ನ ನಿಜವಾದ ಪರೀಕ್ಷೆ ಇದೇ: ಗಂಟೆಯಂಥ ತಿಳಿ ದನಿ ಬರಬೇಕು. ಆಮೇಲೆ ಎರಡು ತಂತಿ ಒಟ್ಟಿಗೆ ಬಾರಿಸಿ ಸ್ವರಗಳು ಬೇರೆಬೇರೆ ಕೇಳುತ್ತವೆಯೇ ನೋಡಿ. ಕೊನೆಗೆ ಎಲ್ಲ ತಂತಿ ಅದುಮಿ ಹಿಡಿದು ಹಿನ್ನೆಲೆಯ ಸದ್ದು ಕೇಳಿ. ಗುಬುಟು ತಿರುಗಿಸುವುದು, ಸ್ವಿಚ್ ಒತ್ತುವುದು ಇನ್ನೊಬ್ಬರ ಕೈಯಲ್ಲಿದ್ದು, ನಿಮಗೆ ಯಾವುದು ಯಾವುದೆಂದು ತಿಳಿಯದಿದ್ದರೆ ಉತ್ತಮ.

ಲೂಪರ್‌ನಲ್ಲಿ (ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಪೆಡಲ್) ಒಂದು ಫ್ರೇಸ್ ಹಾಕಿ ಎರಡೂ ಪೆಡಲ್‌ಗೆ ಕೊಟ್ಟರೆ ಸಮ ಅಲ್ಲವೇ?

ಸಮ ಹೌದು, ಸರಿ ಅಲ್ಲ. ಲೂಪರ್‌ನ ಹೊರಬಾಗಿಲೂ ಬಫರೇ. ರೆಕಾರ್ಡ್ ಮಾಡಿದ್ದನ್ನೇ ಕೊಡಬೇಕೆಂದರೆ ನಡುವೆ ಪಿಕಪ್ಪಿನಂಥ ಹೊರೆ ಬೇಕು: ಒಂದೆರಡು ಹೆನ್ರಿ ಇಂಡಕ್ಟನ್ಸ್ ಇರುವ ಸಣ್ಣ ಆಡಿಯೋ ಟ್ರಾನ್ಸ್‌ಫಾರ್ಮರಿನ ಸುರುಳಿಯನ್ನು ಸಾಲಾಗಿ, ಜತೆಗೆ ಒಟ್ಟು 6ರಿಂದ 7 ಕಿಲೋ ಓಮ್ ಆಗುವಷ್ಟು ರೆಸಿಸ್ಟರ್, ನೆಲಕ್ಕೆ (ಗ್ರೌಂಡ್‌ಗೆ) 470 ಪಿಕೋಫ್ಯಾರಡ್. ಅದಿಲ್ಲದೆ ಮಾಡಿದ ಹೋಲಿಕೆಯ ವೀಡಿಯೋಗಳು ಬೇಕಾದಷ್ಟಿವೆ. ಅವುಗಳಲ್ಲಿ ಎಲ್ಲ ಫಜ್ ಫೇಸ್‌ಗಳೂ ಒಂದೇ ಥರ ಕೀಚುತ್ತವೆ.

ಬ್ಯಾಟರಿಯೇ ಬೇಕೇ? ಅಡಾಪ್ಟರ್ ಹಾಕಬಾರದೇ?

ಜರ್ಮೇನಿಯಂ ಪಿಎನ್‌ಪಿ ಪೆಡಲ್‌ನಲ್ಲಿ ನೆಲಕ್ಕೆ ತಾಗಿರುವುದು ಬ್ಯಾಟರಿಯ ಪ್ಲಸ್. ಬೋರ್ಡಿನ ಉಳಿದ ಪೆಡಲ್‌ಗಳಲ್ಲಿ ಮೈನಸ್. ಒಂದೇ ಅಡಾಪ್ಟರಿನಿಂದ ಕವಲೊಡೆದ ವೈರಿನಲ್ಲಿ ಎರಡನ್ನೂ ಸಿಕ್ಕಿಸಿದರೆ ನೇರ ಶಾರ್ಟ್. ಪ್ರತ್ಯೇಕಿಸಿದ ಔಟ್‌ಪುಟ್ ಇರುವ ಪವರ್ ಸಪ್ಲೈ ಬಳಸಿ, ಇಲ್ಲವೇ ಬ್ಯಾಟರಿ.

ಕೆಲವರು ಒಳಗೇ ಚಾರ್ಜ್ ಪಂಪ್ ಐಸಿ (ಪ್ಲಸ್ ವೋಲ್ಟೇಜನ್ನು ಮೈನಸ್‌ಗೆ ತಿರುಗಿಸುವ ಚಿಪ್) ಹಾಕಿ ಮೈನಸ್ 9 ಮಾಡಿಕೊಳ್ಳುತ್ತಾರೆ. ಐಸಿಎಲ್7660ಎಸ್ ಅಥವಾ ಟಿಸಿ1044ಎಸ್ ತೆಗೆದುಕೊಂಡು 1ನೇ ಪಿನ್ನನ್ನು 8ಕ್ಕೆ ಜೋಡಿಸಿ. ಜೋಡಿಸದಿದ್ದರೆ ಅದರ ಮಿಡಿತ ಕೇಳುವ ಮಟ್ಟದಲ್ಲೇ ಉಳಿದು ಸಣ್ಣಗೆ ಶಿಳ್ಳೆ ಹೊಡೆಯುತ್ತದೆ. ಹೆಸರಿನ ಕೊನೆಯ “ಎಸ್” ಮುಖ್ಯ; ಸಾದಾ 7660ರಲ್ಲಿ ಆ ಅನುಕೂಲವಿಲ್ಲ.

ಸತು-ಕಾರ್ಬನ್ ಬ್ಯಾಟರಿಯ ಮಹಿಮೆ ಬಗ್ಗೆ: ಈ ಸರ್ಕ್ಯೂಟ್ ಕುಡಿಯುವುದು ಸುಮಾರು 0.8 ಮಿಲಿಆಂಪಿಯರ್. ಬ್ಯಾಟರಿಯೊಳಗಿನ ರೆಸಿಸ್ಟೆನ್ಸ್ 50 ಓಮ್ ಇದ್ದರೂ ಬೀಳುವುದು 0.04 ವೋಲ್ಟ್. ಕೇಳಿಸುವ ವ್ಯತ್ಯಾಸ ಹೆಚ್ಚಾಗಿ ವೋಲ್ಟೇಜಿನದು: ಹೊಸ ಆಲ್ಕಲೈನ್ 9.5ರಷ್ಟಿರುತ್ತದೆ, ಅರ್ಧ ಮುಗಿದ ಅಗ್ಗದ ಬ್ಯಾಟರಿ 8.3. ಎರಡೂ ಪೆಡಲ್‌ಗೆ ಒಂದೇ ವೋಲ್ಟೇಜ್ ಕೊಟ್ಟು ಹೋಲಿಸಿ.

ಸಿಲಿಕಾನ್ ಫಜ್ ಫೇಸ್‌ನಲ್ಲಿ ರೇಡಿಯೋ ಕೇಳುತ್ತಿದೆ!

ಕೇಳುತ್ತದೆ, ಹಳೆಯದರಲ್ಲೂ ಕೇಳುತ್ತಿತ್ತು. ಬಿಸಿ108ಸಿಯ ಗೇನ್ 420ರಿಂದ 800. ಮೊದಲ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಮತ್ತು ಬೇಸ್ ನಡುವೆ 47ರಿಂದ 100 ಪಿಕೋಫ್ಯಾರಡ್ ಹಾಕಿ, ರೇಡಿಯೋ ಅಡಗುತ್ತದೆ, ಕಿವಿ ಕೊರೆಯುವುದೂ ತಗ್ಗುತ್ತದೆ.

ಕಟ್ಟಿದ್ದಾಯಿತು, ಸದ್ದೇ ಇಲ್ಲ. ಎಲ್ಲಿ ನೋಡಲಿ?

ಎರಡನೆಯ ಕಲೆಕ್ಟರ್ ಮೈನಸ್ 9ರ ಹತ್ತಿರವಿದ್ದರೆ ಆ ಟ್ರಾನ್ಸಿಸ್ಟರ್ ಕರೆಂಟ್ ಹರಿಸುತ್ತಿಲ್ಲ: ಕಾಲುಗಳು ಅದಲುಬದಲಾಗಿವೆ, ಇಲ್ಲವೇ ಮೊದಲನೆಯದು ವಿಪರೀತ ಸೋರುತ್ತಿದೆ. ಸೊನ್ನೆಯ ಹತ್ತಿರವಿದ್ದರೆ ಅದು ಪೂರ್ತಿ ತೆರೆದು ಕೂತಿದೆ, ಮೊದಲನೆಯದು ಸತ್ತಿರಬಹುದು.

ಬಿಸಿ183ಕ್ಕೂ ಬಿಸಿ183ಎಲ್‌ಗೂ ಕಾಲುಗಳ ಕ್ರಮ ಬೇರೆ. ಎಲ್ ಇದ್ದರೆ ಕಲೆಕ್ಟರ್ ನಡುವೆ. ಇದರಲ್ಲಿ ಎಡವದವರು ಕಡಿಮೆ.

ಇನ್ನೊಂದು ಸಾಮಾನ್ಯ ತಪ್ಪು: ಸಿಲಿಕಾನ್ ಎನ್‌ಪಿಎನ್ (ಪಿಎನ್‌ಪಿಗೆ ಪ್ಲಸ್-ಮೈನಸ್ ಅದಲುಬದಲಾದ ಬಗೆ) ನಕ್ಷೆ ನೋಡಿಕೊಂಡು ಪಿಎನ್‌ಪಿ ಕಟ್ಟುವುದು. ಬ್ಯಾಟರಿ ತಿರುಗಿಸಿ, ಎಲೆಕ್ಟ್ರೋಲಿಟಿಕ್ ತಿರುಗಿಸಲು ಮರೆಯುತ್ತಾರೆ. ಪಿಎನ್‌ಪಿಯಲ್ಲಿ 22 ಮೈಕ್ರೋಫ್ಯಾರಡ್‌ನ ಪ್ಲಸ್ ನೆಲಕ್ಕೆ, 2.2ರ ಪ್ಲಸ್ ಗಿಟಾರ್ ಕಡೆಗೆ.

ಸದ್ದು ಬರುತ್ತದೆ ಆದರೆ ಬಹಳ ಕಡಿಮೆ ಎಂದರೆ ಅದು ದೋಷವೇ ಆಗಿರಬೇಕಿಲ್ಲ. ಸಿಗ್ನಲ್ ತೆಗೆಯುವುದು 470 ಓಮ್ ಮೇಲಿನಿಂದ. ಅದನ್ನು 1 ಕಿಲೋ ಓಮ್ ಮಾಡಿದರೆ ಹೊರಬರುವ ಸಿಗ್ನಲ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಜರ್ಮೇನಿಯಂ ಬಿಸಿ ತಾಳದು. ಸಾಕೆಟ್ ಹಾಕಿ, ಅಥವಾ ಬೆಸುಗೆ ಹಾಕುವಾಗ ಕಾಲಿಗೊಂದು ಮೊಸಳೆ ಕ್ಲಿಪ್ ಕಚ್ಚಿಸಿ, ಎರಡು ಮೂರು ಸೆಕೆಂಡಿನಲ್ಲಿ ಐರನ್ ತೆಗೆಯಿರಿ.

ಹಳೆಯದನ್ನು ಕೊಳ್ಳುವಾಗ ಏನು ನೋಡಬೇಕು?

ತಳದ ತಟ್ಟೆ ತೆಗೆದ ಚಿತ್ರ ಕೇಳಿ; ಕೊಡದವರಿಂದ ಕೊಳ್ಳಬೇಡಿ. ಬೆಸುಗೆಗಳ ಬಣ್ಣ ನೋಡಿ: ಎಲ್ಲ ಮಂಕಾಗಿದ್ದು ಟ್ರಾನ್ಸಿಸ್ಟರಿನ ಆರು ಬೆಸುಗೆ ಮಾತ್ರ ಹೊಳೆಯುತ್ತಿದ್ದರೆ ಅವು ಬದಲಾಗಿವೆ. “ಆರ್ಬಿಟರ್ ಇಂಗ್ಲೆಂಡ್” ಎಂದಿರುವುದು ಮೊದಲಿನದು, “ಡಲ್ಲಾಸ್-ಆರ್ಬಿಟರ್” ಎಂದಿರುವುದು ನಂತರದ್ದು. ಡಬ್ಬಿ ಮೊದಲಿನದು, ಒಳಗಿನ ಬೋರ್ಡ್ ನಂತರದ್ದು ಎಂಬುದೂ ಉಂಟು. ಕೈಗೆ ಸಿಕ್ಕರೆ ಎರಡು ಕಲೆಕ್ಟರ್ ವೋಲ್ಟೇಜ್ ಅಳೆಯಿರಿ. ಒಣಗಿದ ಕೆಪಾಸಿಟರ್ ಬದಲಿಸುವುದಾದರೆ ಹಳೆಯದನ್ನು ಪೊಟ್ಟಣ ಕಟ್ಟಿ ಡಬ್ಬಿಯೊಳಗೇ ಇಡಿ, ಮುಂದೆ ಕೊಳ್ಳುವವರು ಕೇಳುತ್ತಾರೆ.

ಟೋನ್ ಬೆಂಡರ್, ಬಿಗ್ ಮಫ್‌ಗಳಿಗೂ ಇದೇ ಲೆಕ್ಕವೇ?

ಟೋನ್ ಬೆಂಡರ್ ಮಾರ್ಕ್ 2ರಲ್ಲಿ ಲೆಕ್ಕ ತಲೆಕೆಳಗು. ಮೂರು ಟ್ರಾನ್ಸಿಸ್ಟರ್‌ಗಳಲ್ಲಿ ಮೊದಲನೆಯದಕ್ಕೆ ಬಯಸ್ ಸಿಗುವುದೇ ಅದರ ಸೋರಿಕೆಯಿಂದ. “ಒಳ್ಳೆಯದು” ಎಂದು ಸೋರದ ಟ್ರಾನ್ಸಿಸ್ಟರ್ ಹಾಕಿದರೆ ದನಿ ಉಸಿರುಗಟ್ಟುತ್ತದೆ. ಫಜ್ ಫೇಸ್‌ಗೆ ಬೇಡವೆಂದು ಪಕ್ಕಕ್ಕಿಟ್ಟದ್ದನ್ನು ಎಸೆಯಬೇಡಿ, ಇಲ್ಲಿ ಬೇಕಾಗುತ್ತದೆ.

ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಬಿಗ್ ಮಫ್ ಸಿಲಿಕಾನ್‌ನದು. ನಾಲ್ಕು ಟ್ರಾನ್ಸಿಸ್ಟರ್, ಸಿಗ್ನಲ್ ಕತ್ತರಿಸಲು ಡಯೋಡ್‌ಗಳು. ಸೆಕೆ ಅದಕ್ಕೆ ಲೆಕ್ಕವಿಲ್ಲ. ಆದರೆ ಟ್ರಯಾಂಗಲ್, ರ್ಯಾಮ್ಸ್ ಹೆಡ್, ರಷ್ಯಾದಲ್ಲಿ ತಯಾರಾದ ಸೋವ್‌ಟೆಕ್ ಎಂದು ಮಾದರಿ ಬದಲಾದಂತೆ ರೆಸಿಸ್ಟರ್-ಕೆಪಾಸಿಟರ್ ಅಳತೆಗಳೂ ಬದಲಾದವು, ಒಂದೇ ಮಾದರಿಯೊಳಗೂ ಕೈಗೆ ಸಿಕ್ಕಿದ್ದನ್ನು ಹಾಕಿದ್ದುಂಟು. ಅಲ್ಲಿ ಟ್ರಾನ್ಸಿಸ್ಟರ್ ಹೆಸರಿಗಿಂತ ಅಳತೆಗಳ ಪಟ್ಟಿ ಕೇಳಿ ಹೋಲಿಸಿ.

ಹಳೆಯದಕ್ಕೆ ಎಲ್‌ಇಡಿ ಹಾಕಿಸಬಹುದೇ?

ಬೇಡ. ಅದಕ್ಕೆ ತೂತು ಕೊರೆಯಬೇಕು, ಮೂರು ಸಾಲಿನ ಒಂಬತ್ತು ಕಾಲಿನ ಸ್ವಿಚ್ ಹಾಕಬೇಕು. ಬೆಲೆ ಅಲ್ಲಿಗೇ ಬೀಳುತ್ತದೆ. ಹೊಸದರಲ್ಲಿ ಹಾಕುವುದಾದರೆ 4.7 ಕಿಲೋ ಓಮ್ ರೆಸಿಸ್ಟರ್ ಜತೆ ಹಾಕಿ. ಆಗಲೂ ದೀಪ ಕುಡಿಯುವುದು ಸುಮಾರು 1.5 ಮಿಲಿಆಂಪಿಯರ್, ಇಡೀ ಫಜ್ ಕುಡಿಯುವುದರ ಎರಡರಷ್ಟು. ದೀಪ ಇರಲಿ ಬಿಡಲಿ, ನುಡಿಸಿ ಮುಗಿದ ಮೇಲೆ ಒಳಜ್ಯಾಕಿನಿಂದ ಕೇಬಲ್ ಕೀಳಿ. ಬ್ಯಾಟರಿ ಆರುವುದು ಅಲ್ಲಿಂದಲೇ.